ಕೆಲಸ ಬಿಟ್ಟು ಕನ್ನಡ ರಾಕ್ ಬ್ಯಾಂಡಿಗೆ ಪೂರ್ತಿ ಇಳಿಯಲೇ?

ಸಾಫ್ಟ್‌ವೇರ್ ಸಂಬಳ, ವಾರಾಂತ್ಯದ ಬ್ಯಾಂಡ್, ನಾಲ್ವರು ಗೆಳೆಯರು, ಅರ್ಧ ಮುಗಿದ ಆಲ್ಬಮ್. ಕೆಲಸ ಬಿಟ್ಟವನೇ ನಿಜವಾದ ಸಂಗೀತಗಾರ, ಹಾಗಾದರೆ ಬಿಡಲೇ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ಊರಿನ ಹೆಸರೊಂದನ್ನು ಬದಲಿಸಿದರೆ ಅದು ನಾನೇ. ನಮ್ಮದು ಬೆಂಗಳೂರು. ಬನಶಂಕರಿಯ ನೆಲಮಾಳಿಗೆಯೊಂದರ ಗೋಡೆಗಳಿಗೆ ಮೊಟ್ಟೆಯ ಟ್ರೇ ಬಡಿದು ತಾಲೀಮು ನಡೆಸುತ್ತಿದ್ದೆವು. (ಅದರಿಂದ ಸದ್ದು ಹೊರಗೆ ಹೋಗುವುದು ನಿಲ್ಲುವುದಿಲ್ಲ, ಜಿರಲೆಗಳು ಮಾತ್ರ ಹೆಚ್ಚುತ್ತವೆ.)

ನಾನು ಕೆಲಸ ಬಿಟ್ಟೆ. ಅದರಿಂದ ಹಾಳಾಗಲಿಲ್ಲ, ಉದ್ಧಾರವೂ ಆಗಲಿಲ್ಲ. ಪಬ್ಬುಗಳಲ್ಲಿ ಇಂಗ್ಲಿಷ್ ಹಾಡುಗಳ ನಡುವೆ ನಮ್ಮದೊಂದು ಕನ್ನಡ ಹಾಡನ್ನು ತುರುಕುತ್ತಿದ್ದೆವು. ಮೊದಮೊದಲು ನಕ್ಕ ಮೇಜುಗಳೇ ಕೆಲವು ವಾರಗಳಲ್ಲಿ ಪಲ್ಲವಿಗೆ ದನಿಗೂಡಿಸತೊಡಗಿದವು. ನಮ್ಮನ್ನು ಮುಳುಗಿಸಿದ್ದು ಆ ಹಾಡೇ. ಅದು ಯಾರದು ಎಂದು ನಾವು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಹಿತ್ಯ ನನ್ನದು. ಪಲ್ಲವಿಯ ಧಾಟಿ ಗಿಟಾರಿನವನದು. ಚರಣ ತಾಲೀಮಿನಲ್ಲಿ ತಾನಾಗಿ ಹುಟ್ಟಿತು. ಸ್ಟುಡಿಯೋ ಬಾಡಿಗೆಯ ಬಹುಪಾಲು ಡ್ರಮ್ಸ್ ನುಡಿಸುವವನ ಉಳಿತಾಯದಿಂದ ಬಂತು. ಸ್ಟ್ರೀಮಿಂಗ್ ತಾಣಗಳಿಗೆ ಹಾಡು ಕಳಿಸುವ ಖಾತೆ ಬೇಸ್ ಗಿಟಾರಿನವನ ಇಮೇಲಿನಲ್ಲಿತ್ತು. ಆಲ್ಬಮ್ಮಿನ ಮುಖಪುಟದಲ್ಲಿ ದೊಡ್ಡ ಮನಸ್ಸಿನಿಂದ ‘ಸಾಹಿತ್ಯ, ಸಂಗೀತ: ಬ್ಯಾಂಡ್’ ಎಂದು ಅಚ್ಚು ಹಾಕಿಸಿದೆವು. ಆಮೇಲೆ ಒಂದು ಚಿತ್ರತಂಡ ಹಾಡನ್ನು ಕೇಳಿಕೊಂಡು ಬಂತು. ಅವರ ವಕೀಲರು ಕೇಳಿದ್ದು ಎರಡು ಕಾಗದ: ಸಾಹಿತ್ಯ ಮತ್ತು ಧಾಟಿಗೆ ಒಂದು, ಧ್ವನಿಮುದ್ರಣಕ್ಕೆ ಇನ್ನೊಂದು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಇವು ಬೇರೆ ಬೇರೆ ಸ್ವತ್ತುಗಳು. ಧ್ವನಿಮುದ್ರಣ ಸೇರುವುದು ಅದರ ನಿರ್ಮಾಪಕನಿಗೆ, ಅಂದರೆ ಅದನ್ನು ಮಾಡಿಸುವ ಮುತುವರ್ಜಿ ಮತ್ತು ಹೊಣೆ ಹೊತ್ತವನಿಗೆ. ನಮ್ಮಲ್ಲಿ ಆ ಹೊಣೆ ಹೊತ್ತವರು ಯಾರು? ದುಡ್ಡು ನನ್ನದು ಎಂದ ಒಬ್ಬ. ರಾತ್ರಿಯೆಲ್ಲ ಕುಳಿತು ಮಿಕ್ಸಿಂಗ್ ಮಾಡಿಸಿದವನು ನಾನು ಎಂದ ಇನ್ನೊಬ್ಬ. ಬೇಸ್ ಗಿಟಾರಿನವನು ಅಷ್ಟರಲ್ಲಿ ಜಗಳವಾಡಿಕೊಂಡು ಕೆನಡಾ ಸೇರಿದ್ದ, ಫೋನ್ ಎತ್ತಲಿಲ್ಲ. ಚಿತ್ರತಂಡ ಒಂದಿಷ್ಟು ಕಾಲ ಕಾದು ಬೇರೆ ಹಾಡು ತೆಗೆದುಕೊಂಡಿತು. ಮುಂದೆ ಆ ಖಾತೆಯ ವಾರ್ಷಿಕ ಶುಲ್ಕವನ್ನು ಯಾರೂ ಕಟ್ಟಲಿಲ್ಲ. ತಾಣಗಳಿಂದ ಆಲ್ಬಮ್ಮೇ ಮಾಯವಾಯಿತು. ಈ ತಾಣಗಳಿಗೆ ಏರುವ ಪ್ರತಿ ಧ್ವನಿಮುದ್ರಣಕ್ಕೂ ಅದನ್ನು ಗುರುತಿಸುವ, ಅಕ್ಷರ-ಅಂಕಿ ಸೇರಿ ಹನ್ನೆರಡು ಸ್ಥಾನಗಳ ಐಎಸ್‌ಆರ್‌ಸಿ ಸಂಕೇತ ಇರುತ್ತದೆ. ನಮ್ಮ ಹಾಡುಗಳದ್ದನ್ನು ಯಾರೂ ಗುರುತು ಹಾಕಿಕೊಂಡಿರಲಿಲ್ಲ. ಮತ್ತೆ ಏರಿಸಿದಾಗ ಹೊಸ ಸಂಕೇತ, ಕೇಳುಗರ ಲೆಕ್ಕ ಸೊನ್ನೆಯಿಂದ.

ಶಿಶುನಾಳ ಶರೀಫರ ತತ್ವಪದ ಹಾಡುವ ಬ್ಯಾಂಡುಗಳಿಗೆ ಈ ತಲೆನೋವು ಅರ್ಧ ಕಡಿಮೆ. 1889ರಲ್ಲಿ ತೀರಿಕೊಂಡ ಕವಿಯ ಸಹಿಯನ್ನು ಯಾರೂ ಕೇಳುವುದಿಲ್ಲ. ಹಾಗೆಂದು ಸಿ. ಅಶ್ವಥ್ ಕೂರಿಸಿದ ಧಾಟಿಯನ್ನೇ ಎತ್ತಿಕೊಂಡರೆ ಸಿಕ್ಕಿಬೀಳುತ್ತೀರಿ.

ಕೆಲಸ ಬಿಟ್ಟವನೇ ನಿಜವಾದ ಸಂಗೀತಗಾರ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಲ್ಲಿ ಹುಟ್ಟಿದ ಬ್ಯಾಂಡ್. ಅವರು ಸಂಗೀತ ಶಾಲೆಯನ್ನೂ ಕಟ್ಟಿ ನಡೆಸಿದರು, ಅದರಿಂದ ಅವರ ರಾಕ್ ಸಪ್ಪೆಯಾಗಲಿಲ್ಲ. ಬಿಡುವುದೋ ಇರುವುದೋ ಎಂದು ಕೊರಗುವ ಸಮಯದಲ್ಲಿ ಒಂದು ಹಾಳೆ ತೆಗೆದುಕೊಳ್ಳಿ. ಹಾಡಿನ ಹೆಸರು, ಸಾಹಿತ್ಯ ಯಾರದು, ಧಾಟಿ ಯಾರದು, ಶೇಕಡಾ ಎಷ್ಟು, ಧ್ವನಿಮುದ್ರಣದ ಒಡೆತನ ಯಾರದು, ಒಬ್ಬ ಬಿಟ್ಟುಹೋದರೆ ಏನು. ನಾಲ್ವರೂ ಸಹಿ ಹಾಕಿ. ಗೆಳೆತನದಲ್ಲಿ ಇದೆಲ್ಲ ಯಾಕೆ ಎನ್ನುವವನ ಸಹಿಯನ್ನು ಮೊದಲು ಹಾಕಿಸಿ. ಸಾಹಿತ್ಯ ಬರೆದವರು, ಸಂಗೀತ ಕಟ್ಟಿದವರು ತಂತಮ್ಮ ಹೆಸರಿನಲ್ಲಿ, ಹಾಡುಗಳ ರಾಯಧನ ವಸೂಲಿ ಮಾಡಿ ಹಂಚುವ ಸಂಘವಾದ ಐಪಿಆರ್‌ಎಸ್ ಸದಸ್ಯರಾಗಿ. ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿಯ ನಂತರ, ಹಾಡು ಸಿನಿಮಾಕ್ಕೆ ಹೋದರೂ ಚಿತ್ರಮಂದಿರದ ಆಚೆಗಿನ ಬಳಕೆಯ ರಾಯಧನದಲ್ಲಿ ಇವರಿಗೆ ಸಮಪಾಲು ಇದೆ. ಆ ಹಕ್ಕನ್ನು ಚಿತ್ರದ ನಿರ್ಮಾಪಕರಿಗೆ ಬಿಟ್ಟುಕೊಟ್ಟೆ ಎಂದು ಬರೆದುಕೊಟ್ಟರೂ ಅದು ನಡೆಯುವುದಿಲ್ಲ.

ಸಂಬಳ ಬರುತ್ತಿರುವಾಗಲೇ ಆಲ್ಬಮ್ ಮುಗಿಸಿ. ಸಾಲ ಮಾಡಿ ಆಂಪ್ಲಿಫೈಯರ್ ಕೊಳ್ಳಬೇಡಿ, ತಾಲೀಮಿಗೆಂದು ಬಾಡಿಗೆಗೆ ಕೊಡುವ ಜಾಮ್ ರೂಮುಗಳಲ್ಲಿ ಗಂಟೆಯ ಲೆಕ್ಕಕ್ಕೆ ಸಿಗುತ್ತದೆ.