ಕೆರೆ ಹೂಳು ಕೊಳೆತ ಮೊಟ್ಟೆ ವಾಸನೆ ಹೊಡೆದರೆ ಹೊಲಕ್ಕೆ ಹಾಕಬಹುದಾ?

ಅಣ್ಣಾ, ನೀವು ಕೇಳಿದ್ದು ಎರಡು. ಕಾರಟಗಿ ಕಡೆ ಕೆರೆಯಿಂದ ತೆಗೆದ ಹೂಳು ಕರ್ರಗಿದೆ, ಕೊಳೆತ ಮೊಟ್ಟೆ ವಾಸನೆ ಬರುತ್ತಿದೆ, ಹೊಲಕ್ಕೆ ಹೊಡೆಸಬಹುದಾ ಅಂತ. ಇನ್ನೊಂದು, ಹೊನ್ನಾವರದ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡಿನಲ್ಲಿ ಇಂಥದೇ ಕೆಸರು ತೋರಿಸಿ ‘ಕಾಡು ಚೆನ್ನಾಗಿದೆ’ ಅಂದರಲ್ಲ, ಅದು ಹೇಗೆ ಅಂತ.

ಕೆಸರಿನೊಳಗೆ ಗಾಳಿ ಆಡದಿದ್ದಾಗ ಕೆಲವು ಸೂಕ್ಷ್ಮಜೀವಿಗಳು ಸಲ್ಫೇಟ್ ಬಳಸಿ ಬದುಕುತ್ತವೆ. ಆಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್‌ನದೇ ಆ ವಾಸನೆ. ಅದು ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ, ಹಾಗಾಗಿ ಕಾಂಡ್ಲಾ ಕೆಸರಿಗೆ ಇದು ಸಹಜ. ತಾಮ್ರ, ಸತು, ಸೀಸದಂಥ ಲೋಹಗಳನ್ನೂ ಆ ಸಲ್ಫೈಡ್ ಹಿಡಿದಿಡುತ್ತದೆ. ಆದರೆ ಅಲ್ಲೂ ಬರೀ ಕಪ್ಪು ನೋಡಿ ಸರ್ಟಿಫಿಕೇಟ್ ಕೊಡಕ್ಕಾಗಲ್ಲ. ಮೇಲೆ ಕಂದು ಬಣ್ಣದ ತೆಳು ಪದರ, ಏಡಿ ಬಿಲ, ಉಸಿರು ಬೇರಿನ ಸುತ್ತ ತುಕ್ಕಿನ ಬಣ್ಣ ಇರಬೇಕು. ಮೇಲ್ಗಡೆವರೆಗೂ ಕಪ್ಪಾಗಿ ಏಡಿಯೂ ಕಾಣದಿದ್ದರೆ, ಉಬ್ಬರದ ನೀರು ಸರಿಯಾಗಿ ಬಂದು ಹೋಗುತ್ತಿದೆಯಾ ಅಂತ ಮೊದಲು ನೋಡಬೇಕು. ಭತ್ತದ ಬೇರು ಕಿತ್ತು ನೋಡುತ್ತೇವಲ್ಲ, ಹಾಗೆಯೇ. ತುಕ್ಕಿನ ಬಣ್ಣವಿದ್ದರೆ ಸರಿ, ಕರ್ರಗಾಗಿದ್ದರೆ ಗದ್ದೆ ನೀರು ಬಿಡಬೇಕು.

ಅಂಥ ಉಪ್ಪುನೀರಿನ ಕೆಸರನ್ನು ಒಣಗಿಸಿದರೆ ಸಲ್ಫೈಡ್ ಗಾಳಿ ತಾಗಿ ಗಂಧಕಾಮ್ಲ ಆಗುತ್ತದೆ. ಪಿಎಚ್ 4ಕ್ಕಿಂತ ಕೆಳಗೂ ಇಳಿಯಬಹುದು. ಕೇರಳದ ಕುಟ್ಟನಾಡಿನ ರೈತರಿಗೆ ಈ ಕಾಟ ಗೊತ್ತು. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣ ಇರುತ್ತದೆ, ಹುಟ್ಟುವ ಆಮ್ಲವನ್ನು ಅದೇ ತಿಂದು ಹಾಕುತ್ತದೆ. ಒಣ ಹೂಳಿನ ಮೇಲೆ ಲಿಂಬೆ ರಸ ಹಿಂಡಿ, ಬುರುಗು ಬಂದರೆ ಸುಣ್ಣ ಇದೆ. ಹೆಂಟೆಯನ್ನು ಒಡೆದು ಎರಡು ದಿನ ನೆರಳಿಗೆ ಬಿಡಿ. ಕಪ್ಪು ಹೋಗಿ ಕಂದಾದರೆ ಅದು ಸಲ್ಫೈಡ್‌ನ ಬಣ್ಣ, ಹಾಗೇ ಉಳಿದರೆ ಮಣ್ಣಿನದೇ ಬಣ್ಣ. ವಾಸನೆಗಂತೂ ಹೆದರಬೇಡಿ, ಹರಡಿದರೆ ಹೋಗುತ್ತದೆ.

ನನಗೆ ಭಯ ಇರುವುದು ಉಪ್ಪಿನದು. ಕಾಲುವೆ ಅಚ್ಚುಕಟ್ಟಿನ ಬಸಿನೀರು ಬಂದು ನಿಲ್ಲುವ ಕೆರೆಯಾದರೆ ಹೂಳಿನ ಜೊತೆ ಸವಳನ್ನೂ ಹೊತ್ತು ತಂದಂತೆ. ಇಸಿ (ಮಣ್ಣಿನ ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ) ಎಷ್ಟು ಅಂತ ಕೇಳುವಾಗ ಹೇಗೆ ಅಳೆದದ್ದು ಅಂತಲೂ ಕೇಳಿ. ಸ್ಯಾಚುರೇಷನ್ ಪೇಸ್ಟ್‌ನ (ನೀರು ಹಾಕಿ ಮುದ್ದೆಯಾಗಿ ಕಲಸಿದ ಮಣ್ಣಿನ) ಸಾರದಲ್ಲಿ 4 ಡಿಎಸ್/ಮೀ ದಾಟಿದರೆ ಸವಳು. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆದಿದ್ದರೆ 1 ದಾಟಿದಾಗಲೇ ಎಚ್ಚರ. ಪಿಎಚ್ 8.5, ಇಎಸ್‌ಪಿ (ಮಣ್ಣಿನ ಕಣ ಹಿಡಿದುಕೊಂಡ ಸೋಡಿಯಂನ ಶೇಕಡಾ ಪಾಲು) 15 ಮೀರಿದ್ದರೆ ಸೋಡಿಯಂ ಜಾಸ್ತಿ ಅಂತ. ಅಂಥ ಹೂಳನ್ನು ತಂದು ಆಮೇಲೆ ಜಿಪ್ಸಂ ಹಾಕುತ್ತಾ ಕೂರುವುದು ಸುಮ್ನೆ ದುಡ್ಡು ದಂಡ. ಬಿಟ್ಟುಬಿಡಿ.

ಸಂಡೂರಿನ ಗೆಳೆಯರು ಹೂಳಿನ ಪರೀಕ್ಷೆ ನೋಡಿ ‘ಕಬ್ಬಿಣ ಜಾಸ್ತಿ ಬಂತು, ವಿಷ’ ಅಂದಿದ್ದಾರೆ. ಅದಿರಿನ ಸೀಮೆಯಲ್ಲಿ ಒಟ್ಟು ಕಬ್ಬಿಣ ಜಾಸ್ತಿ ಬರದೆ ಇನ್ನೇನು? ಅದಿರಿನ ಕಬ್ಬಿಣ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಬೇರಿಗೆ ಸಿಗುವಷ್ಟು ಎಷ್ಟು ಅಂತ ತಿಳಿಯಲು ಡಿಟಿಪಿಎ ಪರೀಕ್ಷೆ ಬೇಕು. ಮರಳಿಗಿಂತ ನುಣ್ಣನೆ ಜೇಡಿಯಲ್ಲಿ ಲೋಹ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಅದಕ್ಕೇ ಕಾಂಡ್ಲಾ ಕೆಸರು ಪರೀಕ್ಷೆ ಮಾಡುವವರು ಲೋಹದ ಅಂಕಿಯನ್ನು ಅಲ್ಯೂಮಿನಿಯಂ (ಜೇಡಿ ಎಷ್ಟಿದೆ ಅಂತ ತೋರಿಸುವ ಗುರುತು) ಜೊತೆ ಹೋಲಿಸಿಯೇ ಮಾಲಿನ್ಯ ಇದೆಯೋ ಇಲ್ಲವೋ ಹೇಳುವುದು.

ಮಾದರಿಯನ್ನು ಕೆರೆ ಬಾಯಿ, ನಡು, ಏರಿ ಹತ್ತಿರ ಬೇರೆ ಬೇರೆ ತೆಗೆಯಿರಿ. ಮೇಲಿನದು, ಆಳದ್ದು ಕಲಸಬೇಡಿ. ಪಿವಿಸಿ ಪೈಪ್ ಒತ್ತಿ ತೆಗೆದರೆ ಪದರ ಹಾಗೇ ಬರುತ್ತದೆ. ಜಿಐ ಬಕೆಟ್ ಬೇಡ, ಅದರ ಸತು ಮಾದರಿಗೆ ಅಂಟುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರಿಗೆ ಸವಳು ಮಣ್ಣಿನ ಕೆಲಸ ಹೊಸದಲ್ಲ, ಅಲ್ಲೇ ವಿಚಾರಿಸಿ. ರಿಪೋರ್ಟ್ ಬಂದ ಮೇಲೆ ಇಸಿ, ಇಎಸ್‌ಪಿ ಎರಡೂ ಕಾಣುವಂತೆ ಫೋಟೋ ಹಾಕಿ, ಎಕರೆಗೆ ಎಷ್ಟು ಟ್ರ್ಯಾಕ್ಟರ್ ಅಂತ ಆಗ ಮಾತಾಡೋಣ.