ಹೊಲದ ಪಕ್ಕದ ಗುಡ್ಡದಲ್ಲಿ ಹಳೆಯ ತಾಮ್ರದ ಗುಂಡಿ ಇದೆ. ಕಲ್ಲು ಟೆಸ್ಟ್ ಮಾಡಿಸಿ ಲೀಸ್‌ಗೆ ಹಾಕಬಹುದಾ?

ಹಸಿರು ಕಲ್ಲು, ಹಳೆಯ ಗುಂಡಿ, "ಲ್ಯಾಬ್ ರಿಪೋರ್ಟ್ ತನ್ನಿ, ಪಾರ್ಟಿ ನಾನು ತರ್ತೀನಿ" ಅನ್ನುವ ಏಜೆಂಟ್. ಮೂವರೂ ನನಗೆ ಹಳೆಯ ಪರಿಚಯ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಂದರೆ ಕೊಡಬೇಡಿ. ಕೊಟ್ಟಾಗಿದ್ದರೆ ಆ ದುಡ್ಡಿನ ಆಸೆ ಬಿಡಿ.

ನಮ್ಮದು ಆಂಧ್ರದ ರಾಯದುರ್ಗದ ಕಡೆ. ಜಮೀನಿನ ಪಾಸ್‌ಬುಕ್ ತೆಲುಗಿನಲ್ಲಿ, ಮನೆಮಾತು ಕನ್ನಡ, ಆಸ್ಪತ್ರೆ ಮದುವೆ ಜವಳಿ ಎಲ್ಲಾ ಬಳ್ಳಾರಿ. 1953ರ ಅಕ್ಟೋಬರ್‌ವರೆಗೆ ನಮ್ಮ ತಾಲ್ಲೂಕೂ ಬಳ್ಳಾರಿ ಜಿಲ್ಲೆಯದ್ದೇ ಆಗಿತ್ತು. ಹಾಗಾಗಿ ಬಳ್ಳಾರಿ ಹತ್ತಿರದ ಕಾಪರ್ ಮೌಂಟನ್ ಕಥೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಹೈದರಾಲಿ ಅಲ್ಲಿ ತಾಮ್ರ ಅಗೆಸಿದ್ದ, ಖರ್ಚು ಹುಟ್ಟದೆ ಬಿಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಹೇಳಿಕೆ. ಊರ ಕಟ್ಟೆ ಮೇಲೆ ಹೈದರಾಲಿ ಅಗೆಸಿದ್ದನ್ನು ಮಾತ್ರ ಹೇಳುತ್ತಾರೆ. ಖರ್ಚು ಹುಟ್ಟಲಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಇವತ್ತು ಆ ಗುಡ್ಡದ ಸಾಲು ಹೆಸರಾಗಿರುವುದು ಕಬ್ಬಿಣದ ಅದಿರಿಗೆ.

ನಮ್ಮ ಮಾವನ ಶೇಂಗಾ ಹೊಲದ ಅಂಚಿನ ದಿಬ್ಬದಲ್ಲೂ ಒಂದು ಗುಂಡಿ ಇತ್ತು. ಬಾಯಿ ಹತ್ತಿರ ಬಿಳಿ ಬೆಣಚುಕಲ್ಲು, ಅದರ ಸೀಳಿನಲ್ಲಿ ಹಸಿರು. ಅಕ್ಕಪಕ್ಕ ತುಕ್ಕು ಬಣ್ಣದ, ಜೇನುಗೂಡಿನ ಹಾಗೆ ತೂತು ಬಿದ್ದ ಕಲ್ಲು. ಪಾಯಿಖಾನೆ ತೊಳೆಯುವ ಆ್ಯಸಿಡ್ ಎರಡು ಹನಿ ಹಾಕಿದೆ. ಬುಸುಬುಸು ನೊರೆ ಬಂತು. ಆ ಹಸಿರು ನೀರಿಗೆ ಉಜ್ಜಿದ ಕಬ್ಬಿಣದ ಮೊಳೆ ಅದ್ದಿದೆ. ಸ್ವಲ್ಪ ಹೊತ್ತಿಗೆ ಮೊಳೆ ಮೇಲೆ ಕೆಂಪಗೆ ತಾಮ್ರ ಹತ್ತಿತು. ಅಲ್ಲಿಗೆ ನನ್ನ ತಲೆ ನಿಲ್ಲಲಿಲ್ಲ. (ನಿಮ್ಮ ಹಸಿರು ಕಲ್ಲಿಗೆ ನೊರೆ ಬರದಿದ್ದರೆ ಅದು ಬರೀ ಹಸಿರು ಅಭ್ರಕವೋ ಕ್ಲೋರೈಟೋ ಇರಬಹುದು. ನಮ್ಮ ಕಡೆ ಅವೂ ಬೇಕಾದಷ್ಟು.)

ಈಗ ನನ್ನ ತಪ್ಪು. ಏಜೆಂಟನ್ನು ನಂಬಿದ್ದು ಅಂತ ಮನೆಯವರು ಹೇಳುತ್ತಾರೆ. ಅಲ್ಲ. ಕಲ್ಲು ಆರಿಸಿದ್ದೇ ತಪ್ಪು. ಗುಂಡಿ ಬಾಯಲ್ಲಿ ಕೂತು, ಯಾವುದು ಚೆನ್ನಾಗಿ ಹಸಿರಾಗಿದೆಯೋ ಅದನ್ನೇ ಹೆಕ್ಕಿ ಚೀಲಕ್ಕೆ ಹಾಕಿದೆ. ಬೆಣಚುಕಲ್ಲು ಜಾಸ್ತಿ ಇದ್ದ ತುಂಡನ್ನು ಸುತ್ತಿಗೆಯಲ್ಲಿ ತಟ್ಟಿ ಬಿಳಿ ಭಾಗ ಬಿಸಾಕಿದೆ. ಲ್ಯಾಬ್‌ನಿಂದ ಶೇಕಡಾ 11 ತಾಮ್ರ ಅಂತ ಬಂತು. ಜಗತ್ತಿನ ಎಷ್ಟೋ ದೊಡ್ಡ ಗಣಿಗಳು ಶೇಕಡಾ 1ಕ್ಕಿಂತ ಕಡಿಮೆ ಇರುವ ಅದಿರಿನಲ್ಲೇ ನಡೆಯುತ್ತವೆ ಅಂತ ಓದಿದ್ದೆ. ನನ್ನದು 11! ಬೋರ್ ಕೊರೆಸಲು ಇಟ್ಟಿದ್ದ ದುಡ್ಡು ಏಜೆಂಟ್ ಕೈಗೆ ಹೋಯಿತು. ಉಳಿದದ್ದು ಜೆಸಿಬಿ ಬಾಡಿಗೆಗೆ.

ಲ್ಯಾಬ್‌ನವರು ಸುಳ್ಳು ಹೇಳಿರಲಿಲ್ಲ. ಅವರು ಹೇಳಿದ್ದು ನನ್ನ ಚೀಲದ ಬಗ್ಗೆ. ನಾನು ಓದಿಕೊಂಡದ್ದು ಗುಡ್ಡದ ಬಗ್ಗೆ. ಆ ಹಸಿರು ಖನಿಜ ಮ್ಯಾಲಕೈಟ್. ಶುದ್ಧವಾಗಿದ್ದರೆ ಅದರಲ್ಲಿ ಶೇಕಡಾ 57ರಷ್ಟು ತಾಮ್ರ. ಅದನ್ನೇ ಹೆಕ್ಕಿ ಕಳಿಸಿದರೆ ಯಾವ ದಿಬ್ಬವಾದರೂ ಗಣಿಯೇ. ಅದು ಅಲ್ಲಿಗೆ ಬರುವ ಬಗೆಯೂ ಬೇರೆ. ಕೆಳಗೆ ಎಲ್ಲೋ ಹಿತ್ತಾಳೆ ಬಣ್ಣದ ಚಾಲ್ಕೊಪೈರೈಟ್ ಇರುತ್ತದೆ. ತಾಮ್ರ, ಕಬ್ಬಿಣ, ಗಂಧಕ ಮೂರೂ ಸೇರಿದ್ದು. ಮಳೆನೀರು, ಗಾಳಿ ತಾಗಿ ಅದು ಕೆಡುತ್ತದೆ. ಕಬ್ಬಿಣ ತುಕ್ಕಾಗಿ ಅಲ್ಲೇ ಉಳಿಯುತ್ತದೆ. ನಾನು ನೋಡಿದ ತೂತುಕಲ್ಲು ಅದೇ. ತಾಮ್ರ ನೀರಲ್ಲಿ ಕರಗಿ ಹರಿದು, ಸೀಳು ಸಿಕ್ಕಲ್ಲಿ ತೆಳ್ಳಗೆ ಹಸಿರಾಗಿ ಅಂಟುತ್ತದೆ. ಎಷ್ಟು ತೆಳ್ಳಗೆ ಅಂದರೆ ಉಗುರಿಂದ ಕೆರೆದರೆ ಕೆಳಗೆ ಬಿಳಿ ಕಲ್ಲು ಕಾಣುತ್ತಿತ್ತು. ಅದನ್ನೂ ನೋಡಿದ್ದೆ. ನೋಡಿಯೂ ಸುಮ್ನೆ ಇದ್ದೆ.

ಆಮೇಲೆ ಗಣಿಯಲ್ಲಿ ಕೆಲಸ ಮಾಡಿ ರಿಟೈರ್ ಆದ ಒಬ್ಬರು ಬಂದು ನೋಡಿದರು. ಗುಂಡಿ ಬಾಯಿಯ ಗೋಡೆಗೆ ಅಡ್ಡಲಾಗಿ ಸೀಮೆಸುಣ್ಣದಲ್ಲಿ ಪಟ್ಟಿ ಎಳೆದರು. ಒಂದೇ ಅಗಲ, ಒಂದೇ ಆಳಕ್ಕೆ ಉಳಿಯಲ್ಲಿ ಕೆತ್ತಿಸಿದರು. ಹಸಿರು, ಬಿಳಿ, ಮಣ್ಣು, ಏನು ಉದುರಿದರೂ ಟಾರ್ಪಾಲ್ ಮೇಲೆ. ಎಲ್ಲಾ ಕುಟ್ಟಿ ಗುಡ್ಡೆ ಮಾಡಿ ನಾಲ್ಕು ಪಾಲು ಮಾಡಿದರು. ಎದುರುಬದುರು ಎರಡು ಪಾಲು ಎಸೆದು, ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ಪಾಲು ಮಾಡಿದರು. ಕೊನೆಗೆ ಒಂದು ಪೊಟ್ಟಣ. "ಕಣ್ಣಿಗೆ ಆರಿಸಕ್ಕೆ ಬಿಡಬಾರದು" ಅಂದರು. ಅದರ ರಿಪೋರ್ಟ್ ಶೇಕಡಾ 0.2.

ಹಾಗಾದರೆ ಹಳಬರು ಯಾಕೆ ಅಗೆದರು ಅಂತ ನೀವು ಕೇಳುತ್ತೀರಿ. ಅವರಿಗೂ ಬೇಕಿದ್ದದ್ದು ಆ ಹಸಿರೇ. ಇದ್ದಿಲ ಜೊತೆ ಕುಲುಮೆಗೆ ಹಾಕಿದರೆ ಸುಲಭಕ್ಕೆ ತಾಮ್ರ ಬಿಡುತ್ತದೆ. ಕೆಳಗಿನ ಗಂಧಕದ ಅದಿರನ್ನು ಮೊದಲು ಹುರಿಯಬೇಕು. ಅಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಗುಂಡಿಗೆ ನೀರೂ ಬರುತ್ತದೆ. ಸುತ್ತ ಕರಿ ಗಾಜಿನಂಥ ಕಿಟ್ಟ ಸಿಗುತ್ತದಾ ನೋಡಿ. ಸಿಕ್ಕರೆ ಅಲ್ಲೇ ಕಾಯಿಸಿದ್ದಾರೆ ಅಂತ. ಅಂದರೆ ನಿಮಗೆ ಸಿಕ್ಕಿರುವುದು ಅವರು ತಿಂದು ಬಿಟ್ಟ ಎಲೆ.

ಚಿತ್ರದುರ್ಗದ ಇಂಗಳದಾಳು ನೆನಪಿಸಿಕೊಳ್ಳಿ. ಅಲ್ಲೂ ಹಳಬರ ಗುಂಡಿಗಳಿದ್ದವು. ಆದರೆ ಅದು ಸಮುದ್ರದಡಿ ಉಕ್ಕಿದ ಲಾವಾದ ನೆಲ. ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಆ ಲಾವಾ ಈಗಲೂ ಕಣ್ಣಿಗೆ ಕಾಣುತ್ತದೆ. ಅದಿರು ಆಳಕ್ಕೆ ಇಳಿದಿತ್ತು. ಸರ್ಕಾರಿ ಕಂಪನಿಯೇ ಸುರಂಗ ಹೊಡೆದು, ಅದಿರು ಅರೆಯುವ ಕಾರ್ಖಾನೆ ಹಾಕಿತ್ತು. ಅದೂ ಮುಚ್ಚಿತು. ನೀವು, ನಾನು ಯಾವ ಲೆಕ್ಕ?

ಲೀಸ್ ವಿಚಾರ ಕೇಳಿದ್ದೀರಿ, ಅದು ಎರಡು ಮಾತಲ್ಲಿ ಮುಗಿಯುತ್ತದೆ. ಗಣಿ ಕಾಯ್ದೆಗೆ 2015ರ ತಿದ್ದುಪಡಿ ಆದಮೇಲೆ ತಾಮ್ರದಂಥ ದೊಡ್ಡ ಖನಿಜದ ಲೀಸ್ ಖಾಸಗಿಯವರಿಗೆ ಹರಾಜಿನಲ್ಲೇ ಸಿಗಬೇಕು. ಏಜೆಂಟ್ ಕೈಯಲ್ಲಿ ಕೊಡಿಸಲು ಏನೂ ಇಲ್ಲ. ಲೀಸ್ ಇಲ್ಲದೆ ಅಗೆದರೆ 5 ವರ್ಷದವರೆಗೆ ಜೈಲು, ಹೆಕ್ಟೇರಿಗೆ 5 ಲಕ್ಷದವರೆಗೆ ದಂಡ. ನನ್ನ ಜೆಸಿಬಿಯನ್ನು ಅಧಿಕಾರಿಗಳು ಬರೀ ಬೈದು ವಾಪಸ್ ಕಳಿಸಿದ್ದು ನನ್ನ ಅದೃಷ್ಟ.

ಕುತೂಹಲಕ್ಕೆ ಅಂದರೆ ಖಂಡಿತ ನೋಡಿ. ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಭೂಕೋಶ್ ಪೋರ್ಟಲ್‌ನಲ್ಲಿ ನಿಮ್ಮ ಊರಿನ ಶಿಲೆಗಳ ನಕ್ಷೆ ಪುಕ್ಕಟೆ ಸಿಗುತ್ತದೆ. ಆದರೆ ಗುಂಡಿಯೊಳಗೆ ಇಳಿಯಬೇಡಿ. ಗಂಧಕದ ಅದಿರು ಕೆಡುವಾಗ ಗಾಳಿಯಲ್ಲಿನ ಆಮ್ಲಜನಕ ತಿಂದುಬಿಡುತ್ತದೆ. ವಾಸನೆ ಬರುವುದಿಲ್ಲ, ಮನುಷ್ಯ ಸುಮ್ಮನೆ ಕುಸಿಯುತ್ತಾನೆ. ಎತ್ತಲು ಇಳಿದವನೂ ಹಾಗೇ. ಕುರಿ ಕಾಯುವ ಹುಡುಗರು ಆ ಕಡೆ ಬರುತ್ತಾರಾದರೆ ಅಡ್ವಾನ್ಸ್‌ಗೆ ಅಂತ ಇಟ್ಟ ದುಡ್ಡಲ್ಲಿ ಸ್ವಲ್ಪ ತೆಗೆದು ಮೊದಲು ಸುತ್ತ ಮುಳ್ಳುತಂತಿ ಹಾಕಿಸಿ.