ಕಾಂಪ್ಯಾಕ್ಟಾ, ಲೆನ್ಸ್ ಬದಲಾಯಿಸುವ ಕ್ಯಾಮೆರಾನಾ? ಮೊದಲು ಎಫ್ ನಂಬರ್ ನೋಡಿ

ಮಗಳ ಭರತನಾಟ್ಯದ ಫೋಟೊ ತೆಗೆಯಬೇಕು, ವರ್ಷಕ್ಕೊಮ್ಮೆ ಪ್ರವಾಸ ಇರುತ್ತದೆ, ಕೈಯಲ್ಲಿ 70,000 ರೂಪಾಯಿ ಇದೆ. ಲೆನ್ಸ್ ಬಿಚ್ಚಲಾಗದ ಜೇಬಿನ ಕಾಂಪ್ಯಾಕ್ಟ್ ತಗೊಳ್ಳಲಾ, ಲೆನ್ಸ್ ಬದಲಾಯಿಸಬಹುದಾದ ಕ್ಯಾನನ್ ಆರ್50ರ ಎರಡು ಲೆನ್ಸಿನ ಕಿಟ್ ತಗೊಳ್ಳಲಾ ಎಂದು ಕೇಳಿದ್ದೀರಿ. ಭರತನಾಟ್ಯ ಇರುವಲ್ಲಿ ಯಕ್ಷಗಾನ ಎಂದು ಬರೆದರೆ ಇದು 2013ರಲ್ಲಿ ನಾನು ಕಂಡಕಂಡವರನ್ನೆಲ್ಲ ಕೇಳಿದ ಪ್ರಶ್ನೆ.

ನಮ್ಮ ದೊಡ್ಡಪ್ಪ ಯಕ್ಷಗಾನದ ತೆಂಕುತಿಟ್ಟಿನ (ದಕ್ಷಿಣದ ಶೈಲಿಯ) ಮೇಳವೊಂದರಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸರ ಪಾತ್ರ, ಮಾಡುತ್ತಿದ್ದರು. ಮಹಿಷಾಸುರನ ವೇಷದಲ್ಲಿ ಸಭೆಯ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ ಆರ್ಭಟಿಸುತ್ತಾ ಬಂದರೆ ಮಕ್ಕಳೆಲ್ಲ ಅಮ್ಮನ ಮಡಿಲಿಗೆ ಓಡುತ್ತಿದ್ದವು. ನಾನೂ ಹಾಗೆ ಓಡಿದವನೇ. ಅವರ ಮಂಡಿನೋವು ಜಾಸ್ತಿಯಾಗಿತ್ತು. ಇನ್ನು ಹೆಚ್ಚು ದಿನ ಮೇಳದಲ್ಲಿ ಇರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಷ್ಟರೊಳಗೆ ಅವರ ಒಳ್ಳೆಯ ಫೋಟೊಗಳು ಇರಬೇಕು ಎಂಬುದು ನನ್ನ ಆಸೆ. ದುಡಿದು ಉಳಿಸಿದ್ದನ್ನೆಲ್ಲ ಹಾಕಿ ನಿಕಾನ್ ಡಿ3200 ತಗೊಂಡೆ. ಜೊತೆಗೆ 18-55 ಮತ್ತು 55-200, ಎರಡು ಜೂಮ್ ಲೆನ್ಸ್. 'ಈಗ ಇಷ್ಟು ಇರಲಿ, ಕಲಿತ ಮೇಲೆ ಒಳ್ಳೆ ಲೆನ್ಸ್ ತಗೊಂಡರಾಯಿತು' ಎಂದು ನೀವು ಬರೆದಿದ್ದೀರಲ್ಲ, ನಾನೂ ಅದೇ ಲೆಕ್ಕ ಹಾಕಿದ್ದೆ.

ತಪ್ಪಿದ್ದು ಅಲ್ಲೇ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ನಿಂತಿರುವ ಜಾಗ ಅದೇ.

ನಾನು ಮೆಗಾಪಿಕ್ಸೆಲ್ ನೋಡಿದೆ, 24 ಇತ್ತು. ಜೂಮ್ ನೋಡಿದೆ, 200 ಮಿಮೀವರೆಗೆ ಹೋಗುತ್ತಿತ್ತು. ವಿಆರ್ ಇದೆ, ರಾತ್ರಿ ಕೈ ಅಲುಗಿದರೂ ಫೋಟೊ ಚೆನ್ನಾಗಿ ಬರುತ್ತದೆ ಎಂದು ಅಂಗಡಿಯವರು ಹೇಳಿದರು. ಲೆನ್ಸಿನ ಮುಂದೆ ಸಣ್ಣಕ್ಕೆ ಬರೆದಿದ್ದ ಎಫ್ ನಂಬರ್ ಏನು ಎಂದು ನಾನು ಕೇಳಲಿಲ್ಲ. 18-55ರಲ್ಲಿ ಅದು 3.5-5.6, 55-200ರಲ್ಲಿ 4-5.6. ಲೆನ್ಸಿನ ಒಳಗೆ ಬೆಳಕು ಬರುವ ಕಿಟಕಿ ಎಷ್ಟು ದೊಡ್ಡದಾಗಿ ತೆರೆಯುತ್ತದೆ ಎಂದು ಆ ನಂಬರ್ ಹೇಳುತ್ತದೆ. ನಂಬರ್ ಸಣ್ಣದಾದಷ್ಟೂ ಕಿಟಕಿ ದೊಡ್ಡದು. ಬೆಳಕಿನ ಲೆಕ್ಕ ಆ ನಂಬರಿನ ವರ್ಗದಲ್ಲಿ, ಅಂದರೆ ಅದನ್ನು ಅದರಿಂದಲೇ ಗುಣಿಸಿ, ಹೋಗುತ್ತದೆ. ಎಫ್/5.6ಕ್ಕಿಂತ ಎಫ್/1.8ರಲ್ಲಿ ಬರುವ ಬೆಳಕು ಮೂರು ಪಟ್ಟಲ್ಲ, ಸುಮಾರು 10 ಪಟ್ಟು ಜಾಸ್ತಿ.

ಬಯಲಾಟದ ರಂಗಸ್ಥಳ ಕಣ್ಣಿಗೆ ಝಗಮಗ ಅನ್ನಿಸುತ್ತದೆ, ಕ್ಯಾಮೆರಾಕ್ಕೆ ಅದು ಕತ್ತಲೆ. ಐಎಸ್‌ಒ 3200 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) ಇಟ್ಟು, ಎಫ್/5.6ರಲ್ಲಿ, ನನಗೆ ಸಿಗುತ್ತಿದ್ದ ಶಟರ್ ವೇಗ, ಅಂದರೆ ಶಟರ್ ತೆರೆದಿರುವ ಹೊತ್ತು, 1/30 ಸೆಕೆಂಡ್. ಕುಣಿಯುವ ಮನುಷ್ಯ ಫೋಟೊದಲ್ಲಿ ಮಸುಕಾಗದೆ ನಿಲ್ಲಬೇಕಾದರೆ ಕನಿಷ್ಠ 1/250 ಬೇಕು. ಧಿಗಿಣ ಹೊಡೆಯುವಾಗ, ಅಂದರೆ ಸುತ್ತುತ್ತಾ ಹಾರುವಾಗ, ಅದೂ ಸಾಲದು. ಇಲ್ಲಿ ವಿಆರ್ ಏನೂ ಮಾಡುವುದಿಲ್ಲ. ಅದು ನಮ್ಮ ಕೈಯ ನಡುಕವನ್ನು ತಡೆಯುತ್ತದೆ, ವೇಷಧಾರಿಯ ಕುಣಿತವನ್ನು ಅಲ್ಲ. ಮೊದಲ ರಾತ್ರಿಯ ಫೋಟೊಗಳನ್ನು ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದೆ. ರಂಗಸ್ಥಳದ ಕಂಬಕ್ಕೆ ಕಟ್ಟಿದ ಮಾವಿನ ತೋರಣ ಎಲೆ ಎಲೆಯಾಗಿ ಸ್ಪಷ್ಟವಾಗಿತ್ತು. ದೊಡ್ಡಪ್ಪ ಇರಬೇಕಾದ ಜಾಗದಲ್ಲಿ ಕೆಂಪು-ಕಪ್ಪು ಬಣ್ಣ ಎಳೆದ ಹಾಗೆ ಒಂದು ಮಸುಕು. ಅವರೂ ನೋಡಿದರು. "ಎಂತ ಮಾರಾಯ, ಇದರಲ್ಲಿ ನಾನು ಎಲ್ಲಿದ್ದೇನೆ?" ಎಂದು ಕೇಳಿದರು.

ಮೇಳದ ಆ ವರ್ಷದ ತಿರುಗಾಟ ಮೇ ಕೊನೆಯ ಪತ್ತನಾಜೆಗೆ ಮುಗಿಯುವವರೆಗೂ ಅದೇ ಲೆನ್ಸುಗಳಲ್ಲಿ ಹೆಣಗಾಡಿದೆ. ನನಗೇ ಸರಿಯಾಗಿ ಬರುತ್ತಿಲ್ಲ, ಅಭ್ಯಾಸ ಸಾಲದು ಅಂದುಕೊಂಡಿದ್ದೆ. ಅಭ್ಯಾಸದಿಂದ ಸರಿಹೋಗುವ ವಿಷಯವೇ ಅಲ್ಲ ಅದು. 10 ಪಟ್ಟು ಬೆಳಕಿನ ಕೊರತೆಯನ್ನು ಯಾವ ಅಭ್ಯಾಸ ತುಂಬುತ್ತದೆ ಹೇಳಿ? ಮುಂದಿನ ತಿರುಗಾಟಕ್ಕೆ ದೊಡ್ಡಪ್ಪ ಹೊರಡಲಿಲ್ಲ. ಅವರು ರಂಗಸ್ಥಳದಲ್ಲಿ ಕುಣಿಯುವ ಒಂದೇ ಒಂದು ಒಳ್ಳೆಯ ಫೋಟೊ ನಮ್ಮಲ್ಲಿ ಇಲ್ಲ. ಆ ವರ್ಷ 50 ಮಿಮೀ ಎಫ್/1.8 ಲೆನ್ಸ್ ಒಂದಿದ್ದಿದ್ದರೆ ಅದೇ ಕ್ಯಾಮೆರಾದಲ್ಲಿ, ಅದೇ ಬೆಳಕಿನಲ್ಲಿ 1/30ರ ಬದಲು ಹತ್ತಿರ ಹತ್ತಿರ 1/300 ಸಿಗುತ್ತಿತ್ತು. ನಂತರ ಆ ಲೆನ್ಸ್ ತಗೊಂಡು ಬೇರೆ ವೇಷಗಳ ಫೋಟೊ ತೆಗೆದಾಗ ಹಾಗೇ ಸಿಕ್ಕಿತು ಕೂಡ.

ಮನೆಯಲ್ಲಿ ಈಗ ಗೋಡೆಗೆ ಹಾಕಿರುವ ಫೋಟೊ ನಮ್ಮ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ವೇಷ ಹಾಕಿಕೊಳ್ಳುವ ಚೌಕಿಯಲ್ಲಿ ತೆಗೆದದ್ದು. ಅವಳ ಹತ್ತಿರ ಇದ್ದದ್ದು ಸೋನಿ ಆರ್‌ಎಕ್ಸ್100, 2012ರಲ್ಲಿ ಬಂದ ಮೊದಲ ಮಾದರಿ. 240 ಗ್ರಾಂ ತೂಕ, ಚೂಡಿದಾರದ ಜೇಬಿನಲ್ಲೇ ಇತ್ತು. ದೊಡ್ಡಪ್ಪ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಕೂತು, ಎಡಗೈಯಲ್ಲಿ ಕನ್ನಡಿ ಹಿಡಿದು, ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ಅದ್ದಿ ಮುಖಕ್ಕೆ ಚುಟ್ಟಿ ಇಡುತ್ತಿದ್ದರು. ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಅಕ್ಕ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಕ್ಯಾಮೆರಾವನ್ನು ಮಂಡಿಯ ಮೇಲಿಟ್ಟುಕೊಂಡು ಸದ್ದಿಲ್ಲದೆ ತೆಗೆದಳು. ಒಂದು ಕೆನ್ನೆಯಲ್ಲಿ ಮುಳ್ಳುಮುಳ್ಳಾಗಿ ಚುಟ್ಟಿ ಎದ್ದಿದೆ, ಇನ್ನೊಂದು ಕೆನ್ನೆಯಲ್ಲಿ ಬರೀ ಬಣ್ಣ. ಕಡ್ಡಿಯ ತುದಿಯಲ್ಲಿ ಬೀಳಲಿರುವ ಹಿಟ್ಟಿನ ಹನಿ ಕೂಡ ಕಾಣುತ್ತದೆ. ನಾನು ಅದೇ ಚೌಕಿಯಲ್ಲಿ ನನ್ನ ಕ್ಯಾಮೆರಾ ಎತ್ತಿದಾಗಲೆಲ್ಲ ಕ್ಯಾಮೆರಾದೊಳಗಿನ ಕನ್ನಡಿ ಏಳುವ ಟಕ್ ಸದ್ದಿಗೆ ಎಲ್ಲರೂ ತಿರುಗಿ ನೋಡುತ್ತಿದ್ದರು. ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು.

ಜೇಬಿನ ಕ್ಯಾಮೆರಾ ಅಷ್ಟು ಬೆಳಕು ಎಲ್ಲಿಂದ ತಂದಿತು? ಇದರ ಲೆಕ್ಕ ನನಗೆ ತಡವಾಗಿ ತಿಳಿಯಿತು. ಡಿ3200ರ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಚಿಪ್, 23.2×15.4 ಮಿಮೀ. ಆರ್‌ಎಕ್ಸ್100ರದು 13.2×8.8. ಅಂದರೆ ಅಕ್ಕನ ಕ್ಯಾಮೆರಾದ ಸೆನ್ಸರ್ ನನ್ನದರ ಮೂರನೇ ಒಂದು ಭಾಗ. ಆದರೆ ಜೂಮ್ ಮಾಡದೆ ಹಿಡಿದಾಗ ಅದರ ಲೆನ್ಸ್ ಎಫ್/1.8, ನನ್ನ ಕಿಟ್ ಲೆನ್ಸ್ ಎಫ್/3.5. ಅಷ್ಟೇ ಜಾಗಕ್ಕೆ ಬೀಳುವ ಬೆಳಕು ಅವಳದರಲ್ಲಿ ನಾಲ್ಕು ಪಟ್ಟಿಗೆ ಹತ್ತಿರ. ಒಟ್ಟು ಬೆಳಕಿನಲ್ಲಿ ಜೇಬಿನ ಕ್ಯಾಮೆರಾವೇ ಸ್ವಲ್ಪ ಮುಂದೆ. ಜೂಮ್ ಮಾಡಿದರೆ ಆ ಮೊದಲ ಮಾದರಿ ಎಫ್/4.9ಕ್ಕೆ ಇಳಿಯುತ್ತದೆ, ಆಗ ಅದು ಸೋಲುತ್ತದೆ. 2014ರಲ್ಲಿ ಬಂದ ಮೂರನೇ ಮಾದರಿ ಪೂರ್ತಿ ಜೂಮ್ ಮಾಡಿದರೂ ಎಫ್/2.8 ಉಳಿಸಿಕೊಳ್ಳುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾಂಪ್ಯಾಕ್ಟಾ, ಲೆನ್ಸ್ ಬದಲಾಯಿಸುವುದಾ ಎನ್ನುವುದು ಆಮೇಲಿನ ಮಾತು. ಬದಲಾಯಿಸಲು ಎರಡನೇ ಒಳ್ಳೆಯ ಲೆನ್ಸ್ ಇಲ್ಲದಿದ್ದರೆ ಅದು ಜೇಬಿಗೆ ಹಿಡಿಯದ ಕಾಂಪ್ಯಾಕ್ಟ್, ಅಷ್ಟೇ. 'ಮುಂದೆ ತಗೊಳ್ತೀನಿ' ಅನ್ನುವ ಲೆನ್ಸನ್ನು ಲೆಕ್ಕಕ್ಕೇ ಹಿಡಿಯಬೇಡಿ. ಮನೆ ಖರ್ಚು, ಶಾಲೆ ಫೀಸು, ನೃತ್ಯದ ಉಡುಪು ಎಲ್ಲ ಅದಕ್ಕಿಂತ ಮೊದಲು ಬಂದು ನಿಲ್ಲುತ್ತವೆ. ಅಷ್ಟರಲ್ಲಿ ಮಗಳು ದೊಡ್ಡವಳಾಗಿರುತ್ತಾಳೆ.

ಈಗ ನೀವು ನೋಡಿಟ್ಟ ಕಿಟ್. ಆರ್50 ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಒಳ್ಳೆಯದೇ, ಕಣ್ಣನ್ನು ಹಿಡಿದು ಫೋಕಸ್ ಮಾಡುವ ರೀತಿ ನನ್ನ ಹಳೆಯ ನಿಕಾನ್‌ಗಿಂತ ಎಷ್ಟೋ ಮೇಲು. ಆದರೆ ಅದರ ಜೊತೆ ಬರುವ 18-45 ಲೆನ್ಸ್ ಎಫ್/4.5-6.3. ಎರಡನೆಯದು, 55-210, ಎಫ್/5-7.1. ನನ್ನ 2013ರ ಲೆನ್ಸುಗಳಿಗಿಂತಲೂ ಕತ್ತಲೆ ಇವು. 7.1ಕ್ಕೂ 1.8ಕ್ಕೂ 15 ಪಟ್ಟು ವ್ಯತ್ಯಾಸ. ಹಗಲಲ್ಲಿ ಹಂಪಿ, ಆಗುಂಬೆ ಸುತ್ತಲು ಧಾರಾಳ ಸಾಕು. ಸಭಾಭವನದ ವೇದಿಕೆಗೆ ಸಾಲದು, ಖಂಡಿತ ಸಾಲದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಕ್ಯಾನನ್ನಿನ ಆರ್‌ಎಫ್ 50 ಮಿಮೀ ಎಫ್/1.8 ಲೆನ್ಸ್ ತಗೊಳ್ಳುತ್ತೇನೆ. 160 ಗ್ರಾಂ ತೂಕದ ಸಣ್ಣ ಲೆನ್ಸ್, ಜೂಮ್ ಇಲ್ಲ. ಉಳಿದ ದುಡ್ಡಿಗೆ ಆ ಲೆನ್ಸಿಗೆ ಹೊಂದುವ, ಆರ್50ರಂಥ ಯಾವ ಕ್ಯಾನನ್ ಬಾಡಿ ಬರುತ್ತದೋ ಅದು, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. 18-45 ಜೊತೆಗೇ ಕೊಡುತ್ತಾರೆ ಅಂದರೆ ಬರಲಿ, ಪ್ರವಾಸಕ್ಕಾಯಿತು. 55-210ಕ್ಕೆ ಮಾತ್ರ ದುಡ್ಡು ಹಾಕಬೇಡಿ. ಜೂಮ್ ಇಲ್ಲದೆ ಹೇಗೆ ಎಂಬ ಭಯ ಬೇಡ. ವೇದಿಕೆಯಿಂದ ಐದು ಮೀಟರ್ ದೂರದಲ್ಲಿ ಕೂತು ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ 50 ಮಿಮೀಯಲ್ಲಿ ಸುಮಾರು 2.2 ಮೀಟರ್ ಎತ್ತರ ಚೌಕಟ್ಟಿನೊಳಗೆ ಬರುತ್ತದೆ. ಮಗಳು ಕೈ ಮೇಲೆತ್ತಿದರೂ ಬೆರಳ ತುದಿ ಕತ್ತರಿಸುವುದಿಲ್ಲ, ಕೆಳಗೆ ಗೆಜ್ಜೆಯೂ ಸಿಗುತ್ತದೆ. ಮುಂದಿನ ಎರಡು-ಮೂರು ಸಾಲಿನಲ್ಲಿ ಜಾಗ ಹಿಡಿಯಿರಿ, ಅಷ್ಟೇ. ಗುರುಗಳಿಗೆ ಮೊದಲೇ ಹೇಳಿದರೆ ಬೇಡ ಅನ್ನಲಾರರು.

ವೇದಿಕೆಯಲ್ಲಿ ಶಟರ್ 1/250, ಎಫ್/1.8 ಅಥವಾ 2, ಐಎಸ್‌ಒ ಆಟೋ 6400ವರೆಗೆ ಬಿಡಿ. ಹಿಂದೆ ಕಪ್ಪು ಪರದೆ ಇದ್ದರೆ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ಹೋಗಿ ಮುಖ ಬಿಳಿಚಿಸುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕಿಗೆ, ಇಳಿಸಿ. ಎಲ್‌ಇಡಿ ದೀಪದಲ್ಲಿ ಸೈಲೆಂಟ್ ಶಟರ್ ಹಾಕಿದರೆ ಫೋಟೊದಲ್ಲಿ ಅಡ್ಡ ಪಟ್ಟಿಗಳು ಬರಬಹುದು, ಮೊದಲು ಒಂದು ತೆಗೆದು ನೋಡಿ. ಫ್ಲಾಶ್ ಬೇಡವೇ ಬೇಡ. ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ.

ಮತ್ತೆ ಕಾಂಪ್ಯಾಕ್ಟ್ ಯಾರಿಗೆ ಅಂದರೆ, ನಮ್ಮ ಅಕ್ಕನಂಥವರಿಗೆ. ಹತ್ತಿರ ಹೋಗಿ ಕೂರುವವರಿಗೆ, ಚೀಲ ಹೊರಲು ಮನಸ್ಸಿಲ್ಲದವರಿಗೆ. ಮಗಳ ಅಲಂಕಾರ, ಗೆಜ್ಜೆ ಕಟ್ಟುವ ಗಡಿಬಿಡಿ, ಅಜ್ಜಿ ಜಡೆ ಹೆಣೆಯುವುದು, ಇವು ನಿಮಗೆ ವೇದಿಕೆಗಿಂತ ಮುಖ್ಯ ಅನ್ನಿಸಿದರೆ ಕಣ್ಣು ಮುಚ್ಚಿ ಅಕ್ಕನದರಂತೆ 'ಒಂದು ಇಂಚು' ಎಂದು ಕರೆಯುವ ಅಳತೆಯ ಸೆನ್ಸರ್, ಎಫ್/1.8 ಇರುವ ಕಾಂಪ್ಯಾಕ್ಟ್ ತಗೊಳ್ಳಿ. ಈಗೀಗ ಹಳೆಯ ಸಣ್ಣ ಡಿಜಿಟಲ್ ಕ್ಯಾಮೆರಾಗಳಿಗೆ ಬೇಡಿಕೆ ಬಂದಿದೆ ಎಂದು ತೀರಾ ಸಣ್ಣ, 1/2.3 ಇಂಚಿನ ಸೆನ್ಸರಿನವನ್ನು ಮಾತ್ರ ತಗೊಳ್ಳಬೇಡಿ, ಅಷ್ಟನ್ನು ನಿಮ್ಮ ಫೋನೇ ಮಾಡುತ್ತದೆ. ಒಂದು ವಿಷಯ ತಿಳಿದಿರಲಿ. ಜೂಮ್ ಒಳಗೆ ಹೊರಗೆ ಆಡುವ ಕಾಂಪ್ಯಾಕ್ಟ್‌ನೊಳಗೆ ಧೂಳು ಹೋಗಿ ಸೆನ್ಸರ್ ಮೇಲೆ ಕೂತರೆ ಪೂರ್ತಿ ಬಿಚ್ಚಿಸಬೇಕಾಗುತ್ತದೆ. ಲೆನ್ಸ್ ಬದಲಾಯಿಸುವ ಕ್ಯಾಮೆರಾದಲ್ಲಿ ರಬ್ಬರ್ ಬ್ಲೋವರ್‌ನಿಂದ ನಾವೇ ಊದಿ ತೆಗೆಯಬಹುದು.

ಕರಾವಳಿಯಲ್ಲೋ ಮಲೆನಾಡಲ್ಲೋ ಇದ್ದರೆ ಇನ್ನೊಂದು ಖರ್ಚು ಇದೆ. ನನ್ನ 55-200 ಬಳಸದೆ ಚೀಲದಲ್ಲೇ ಮಳೆಗಾಲ ಕಳೆಯಿತು. ಹೊರತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ಮೇಲೆ ಜೇಡರಬಲೆಯಂತೆ ಬೂಸ್ಟು ಹಿಡಿದಿತ್ತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕುವುದು, ಇಷ್ಟು ಮಾಡಿದರೆ ಸಾಕು. ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಳ್ಳುವಾಗಲೂ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಎಳೆಎಳೆಯಾಗಿ ಏನಾದರೂ ಕಂಡರೆ ಬಿಟ್ಟುಬಿಡಿ.

ಬಜೆಟ್ ಸಾಲದೆ ನನ್ನ ಹಾಗೆ ನಿಕಾನ್ ಡಿ3000 ಅಥವಾ ಡಿ5000 ಸರಣಿಯ ಹಳೆ ಡಿಎಸ್‌ಎಲ್‌ಆರ್ ಕಡೆ ಹೋಗುವುದಾದರೆ 50 ಮಿಮೀ ಎಫ್/1.8 ಎಂದಷ್ಟೇ ಕೇಳಬೇಡಿ, ಎಎಫ್-ಎಸ್ (ಲೆನ್ಸಿನೊಳಗೇ ಫೋಕಸ್ ಮೋಟಾರ್ ಇರುವುದು) ಎಂದು ಬರೆದಿರುವುದನ್ನೇ ಕೇಳಿ. ಹೆಸರಿನ ಕೊನೆಗೆ ಡಿ ಇರುವ ಹಳೆಯ ಲೆನ್ಸ್ ಅಗ್ಗಕ್ಕೆ ಸಿಗುತ್ತದೆ. ಆದರೆ ಈ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಆ ಲೆನ್ಸಿನಲ್ಲೂ ಇಲ್ಲ. ಪ್ರತಿ ಸಲ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಕುಣಿಯುವ ಮಗುವಿನ ಹಿಂದೆ ಅದು ಆಗುವ ಕೆಲಸ ಅಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಈ ತೊಂದರೆ ಇಲ್ಲ, ಅವರ ಆಟೋಫೋಕಸ್ ಇಎಫ್ ಲೆನ್ಸುಗಳೊಳಗೇ ಮೋಟಾರ್ ಇರುತ್ತದೆ.

ಮಗಳ ಮುಂದಿನ ಕಾರ್ಯಕ್ರಮ ಯಾವಾಗ ಎಂದು ನೀವು ಬರೆದಿಲ್ಲ. ಯಾವಾಗಲೇ ಇರಲಿ, ಒಂದು ತಿಂಗಳ ಮೊದಲೇ ಕ್ಯಾಮೆರಾ ಕೈಗೆ ಬರುವ ಹಾಗೆ ನೋಡಿಕೊಳ್ಳಿ. ಅವಳು ತಾಲೀಮು ಮಾಡುವ ಕೋಣೆಯಲ್ಲಿ, ಸಂಜೆ ಟ್ಯೂಬ್‌ಲೈಟಿನಲ್ಲಿ, ಗೋಡೆಗೆ ಆತುಕೊಂಡು ಕೂತು ತೆಗೆಯುತ್ತಾ ಇರಿ. ಯಾವ ಅಡವಿನಲ್ಲಿ ತಿರುಗುತ್ತಾಳೆ, ಎಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ ಎನ್ನುವುದು ನಿಮಗೆ ಬಾಯಿಪಾಠ ಆಗಿರಬೇಕು.